ಸ್ಪೇನಿನ ದಕ್ಷಿಣ ಕರಾವಳಿಯಲ್ಲಿ 14 ದಿನ: ಮೋಟಾರ್‌ಹೋಮ್ ಬಾಡಿಗೆಗೆ ಹಿಡಿಯುವ ಮುಂಚೆ ಓದಿ

ಮೊದಲು ದುಡ್ಡಿನ ಮಾತು ಮುಗಿಸಿಬಿಡುತ್ತೇನೆ. ಊರಿಗೆ ಬಂದು ಎರಡು ತಿಂಗಳಾದರೂ ಆ ಹೊಟ್ಟೆಯುರಿ ಇನ್ನೂ ಆರಿಲ್ಲ. ನವೆಂಬರಿನಲ್ಲಿ ನಾನು, ನಮ್ಮ ಯಜಮಾನರು ಮಾಲಗಾದಲ್ಲಿ ಒಂದು ಮೋಟಾರ್‌ಹೋಮ್, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳಬಹುದಾದ ಮನೆಯಂಥ ಗಾಡಿ, ಬಾಡಿಗೆಗೆ ಹಿಡಿದು ಎರಡು ವಾರ ಕರಾವಳಿಯುದ್ದಕ್ಕೂ ಓಡಾಡಿದೆವು. ಗಾಡಿ ವಾಪಸ್ ಕೊಟ್ಟ ದಿನ ಅಂಗಡಿಯವನು ನೆಲಕ್ಕೆ ಬಗ್ಗಿ, ಹಿಂದಿನ ಬಂಪರಿನ ಅಡಿಯಲ್ಲಿ ಒಂದು ಗೀರು ತೋರಿಸಿದ. ಠೇವಣಿಯಿಂದ 280 ಯೂರೋ ಮುರಿದುಕೊಂಡ. ಆ ಗೀರು ನಮ್ಮಿಂದ ಆದದ್ದಲ್ಲ. ಗೀರಿನೊಳಗೆ ತುಕ್ಕು ಹಿಡಿದಿತ್ತು, ಎರಡು ವಾರದಲ್ಲಿ ಹಾಗೆ ತುಕ್ಕು ಹಿಡಿಯುತ್ತದೆಯೇ? ಆದರೆ ಗಾಡಿ ತೆಗೆದುಕೊಳ್ಳುವಾಗ ನಾವು ವಿಡಿಯೋ ಮಾಡಿದ್ದು ನಾಲ್ಕು ಬದಿ ಮಾತ್ರ. ಅಡಿಭಾಗವಿರಲಿಲ್ಲ, ಚಾವಣಿಯೂ ಇರಲಿಲ್ಲ. ತೋರಿಸಲು ನಮ್ಮ ಹತ್ತಿರ ಏನೂ ಇರಲಿಲ್ಲ.

ಹಾಗಾಗಿ ಹೋಗುವವರು ದಯವಿಟ್ಟು ಫೋನನ್ನು ಗಾಡಿಯ ಅಡಿಗೆ ಹಿಡಿದು ವಿಡಿಯೋ ಮಾಡಿ. ಅವರ ಏಣಿ ಕೇಳಿ ಪಡೆದು ಚಾವಣಿಯನ್ನೂ ಮಾಡಿ. ಬದಿಯಲ್ಲಿ ಸುತ್ತಿಟ್ಟಿರುವ ನೆರಳಿನ ಪರದೆಯನ್ನು ಪೂರ್ತಿ ಬಿಚ್ಚಿಸಿ ನೋಡಿ. ನಮ್ಮ ಒಪ್ಪಂದದಲ್ಲಿ ಅದಕ್ಕೂ ಚಾವಣಿಗೂ ವಿಮೆ ಇರಲಿಲ್ಲ. ಠೇವಣಿಗೆ ಗಾಡಿ ಓಡಿಸುವವರ ಹೆಸರಿನ ಕ್ರೆಡಿಟ್ ಕಾರ್ಡೇ ಬೇಕೆಂದರು, ಬ್ಯಾಂಕಿನಲ್ಲಿ ದುಡ್ಡು ತುಂಬಿಸಿಕೊಂಡು ಹೋಗಿದ್ದ ಫಾರೆಕ್ಸ್ ಕಾರ್ಡನ್ನು ಮುಟ್ಟಲೇ ಇಲ್ಲ. ನಮ್ಮ ಲೈಸೆನ್ಸಿನ ಜೊತೆ ಆರ್‌ಟಿಓದಲ್ಲಿ ಮಾಡಿಸಿದ ಅಂತರರಾಷ್ಟ್ರೀಯ ಪರವಾನಗಿ ಇದ್ದರೆ 3,500 ಕೆಜಿವರೆಗಿನ ಗಾಡಿ ಓಡಿಸಬಹುದು. ಬಾಡಿಗೆಗೆ ಸಿಗುವುದು ಹೆಚ್ಚಾಗಿ ಅಂಥವೇ.

ಮಾಲಗಾ ನಗರದ ಬಗ್ಗೆ ಬರೆಯುವುದಿಲ್ಲ. ಅಲ್ಲಿಂದ ಪಶ್ಚಿಮಕ್ಕೆ ಹೋಗುವಾಗ ಸುಂಕದ ಎಪಿ-7 ಹೆದ್ದಾರಿಯ ಪಕ್ಕದಲ್ಲೇ ಎ-7 ಹೆದ್ದಾರಿ ಪುಕ್ಕಟೆಯಾಗಿ ಸಿಗುತ್ತದೆ, ಅದರಲ್ಲೇ ಹೋಗಿ. ನನಗೆ ಜನಜಂಗುಳಿ ಆಗುವುದಿಲ್ಲ, ಹಾಗಾಗಿ ಮಾರ್ಬೆಯಾ ಕಡೆ ನಾವು ಗಾಡಿ ನಿಲ್ಲಿಸಲೇ ಇಲ್ಲ. ಅಂಥ ಊರು ಇಷ್ಟಪಡುವವರು ಬೇರೆಯವರನ್ನು ಕೇಳುವುದು ಒಳ್ಳೆಯದು.

ತರೀಫಾದ ರಾತ್ರಿಯನ್ನು ಮಾತ್ರ ಹೇಳಲೇಬೇಕು. ಯುರೋಪು ಮತ್ತು ಆಫ್ರಿಕಾ ತೀರಾ ಹತ್ತಿರ ಬರುವ ಜಾಗ ಅದು. ನಡುವೆ ಬರೀ 14 ಕಿಲೋಮೀಟರ್ ಸಮುದ್ರ, ಆಚೆ ಮೊರಾಕ್ಕೋದ ಬೆಟ್ಟಗಳು ಕಣ್ಣಿಗೆ ಕಾಣುತ್ತವೆ. ಆ ಕಿರಿದಾದ ಸಂದಿಯಲ್ಲಿ ಪೂರ್ವದಿಂದ ಬೀಸುವ ಗಾಳಿಗೆ ಲೆವಾಂತೆ ಎನ್ನುತ್ತಾರೆ. ಸಂಜೆ ಆರಕ್ಕೆ ತಂಗಾಳಿ ಇದ್ದದ್ದು ಹತ್ತು ಗಂಟೆಗೆ ಗಾಡಿಯನ್ನೇ ತೊಟ್ಟಿಲಿನ ಹಾಗೆ ತೂಗತೊಡಗಿತು. ಶೆಲ್ಫಿನ ಲೋಟಗಳು ಒಂದಕ್ಕೊಂದು ಬಡಿಯುತ್ತಿದ್ದವು, ಚಾವಣಿಯ ಕಿಂಡಿ ಕಿತ್ತು ಹೋಗುತ್ತದೆ ಅಂತ ನಾನು ಎರಡೂ ಕೈಯಲ್ಲಿ ಅದರ ಹಿಡಿ ಎಳೆದು ಕೂತಿದ್ದೆ. ಆಗ ಯಾರೋ ಬಾಗಿಲು ಬಡಿದರು. ಪಕ್ಕದ ಗಾಡಿಯ ಜರ್ಮನ್ ಅಜ್ಜ, ಪೈಜಾಮದ ಮೇಲೆ ರೇನ್‌ಕೋಟ್ ಹಾಕಿಕೊಂಡು ಬಂದಿದ್ದರು. ಮಾತಿಲ್ಲ, ತಮ್ಮ ಗಾಡಿಯ ಮೂತಿ ತೋರಿಸಿದರು, ಗಾಳಿ ಬರುವ ದಿಕ್ಕು ತೋರಿಸಿದರು. ನಮ್ಮ ಗಾಡಿ ಗಾಳಿಗೆ ಪಕ್ಕೆ ಕೊಟ್ಟು ನಿಂತಿತ್ತು. ಅವರು ಟಾರ್ಚ್ ಹಿಡಿದು ನಿಂತರು, ಯಜಮಾನರು ಗಾಡಿ ತಿರುಗಿಸಿ ಮೂತಿಯನ್ನು ಗಾಳಿಗೆ ಕೊಟ್ಟರು. ಅರ್ಧಕ್ಕರ್ಧ ಅಲುಗಾಟ ನಿಂತಿತು. ಆ ಅಜ್ಜನ ಉಪಕಾರ ನಾನು ಮರೆಯುವುದಿಲ್ಲ.

ರಾತ್ರಿ ಎಲ್ಲಿ ತಂಗಬೇಕು ಎನ್ನುವುದು ಎಲ್ಲರ ಪ್ರಶ್ನೆ. ಸ್ಪೇನಿನಲ್ಲಿ ಗಾಡಿ ನಿಲ್ಲಿಸುವುದು ಬೇರೆ, ಬಿಡಾರ ಹೂಡುವುದು ಬೇರೆ. 2008ರಲ್ಲೇ ಅಲ್ಲಿನ ಸಂಚಾರ ಇಲಾಖೆ ಇದನ್ನು ಸ್ಪಷ್ಟಪಡಿಸಿದೆ. ಕಾರು ನಿಲ್ಲಿಸಬಹುದಾದ ಕಡೆ ಮೋಟಾರ್‌ಹೋಮನ್ನೂ ನಿಲ್ಲಿಸಬಹುದು, ಒಳಗೆ ಮಲಗಿದ್ದೀರೋ ಎದ್ದಿದ್ದೀರೋ ಎಂಬುದು ಲೆಕ್ಕಕ್ಕಿಲ್ಲ. ಆದರೆ ಹೊರಗೆ ಒಂದು ಕುರ್ಚಿ ಹಾಕಿದಿರೋ, ನೆರಳಿನ ಪರದೆ ಬಿಚ್ಚಿದಿರೋ, ಒಂದು ತೊಟ್ಟು ಪಾತ್ರೆ ತೊಳೆದ ನೀರು ಕೆಳಗೆ ಬಿಟ್ಟಿರೋ, ಅದು ಬಿಡಾರ ಹೂಡಿದ ಹಾಗೆ. ದಂಡ ಬೀಳುತ್ತದೆ. ಒಂದೊಂದು ಊರಿನವರು ತಮ್ಮದೇ ನಿಷೇಧದ ಫಲಕ ಹಾಕಿರುತ್ತಾರೆ, ಕೆಲವು ಕಡಲತೀರದ ಪಾರ್ಕಿಂಗಿಗೆ ಎರಡು ಮೀಟರ್ ಎತ್ತರದಲ್ಲಿ ಅಡ್ಡಪಟ್ಟಿ ಇರುತ್ತದೆ. ನಮ್ಮ ಗಾಡಿಯ ಎತ್ತರ ಮೂರು ಮೀಟರ್ ಹತ್ತಿರ ಇತ್ತು. ಆ ಅಳತೆಯನ್ನು ಚೀಟಿಯಲ್ಲಿ ಬರೆದು ಸ್ಟಿಯರಿಂಗ್ ಪಕ್ಕ ಅಂಟಿಸಿದ್ದೆ.

ಎರಡು ದಿನಕ್ಕೊಮ್ಮೆ ಮೋಟಾರ್‌ಹೋಮುಗಳಿಗೆಂದೇ ಇರುವ ತಂಗುದಾಣಕ್ಕೆ ಹೋಗಲೇಬೇಕು. ಕೊಳೆನೀರು ಬಿಡುವುದು, ಒಳ್ಳೆಯ ನೀರು ತುಂಬಿಸುವುದು, ಪಾಯಿಖಾನೆಯ ಡಬ್ಬ ಖಾಲಿ ಮಾಡುವುದು ಅಲ್ಲೇ. ಆ ಡಬ್ಬವನ್ನು ನಾವೇ ಹೊತ್ತುಕೊಂಡು ಹೋಗಿ ಸುರಿದು ತೊಳೆಯಬೇಕು. ಹೇಸಿಗೆ ಎನಿಸುವವರು ಈ ಥರದ ಪ್ರವಾಸವೇ ಬೇಡ ಎಂದುಕೊಳ್ಳಿ, ಇದರಿಂದ ತಪ್ಪಿಸಿಕೊಳ್ಳಲು ದಾರಿಯಿಲ್ಲ. ನಮಗೆ ಇಂಥ ತಂಗುದಾಣಗಳಲ್ಲಿ ರಾತ್ರಿಗೆ 12ರಿಂದ 15 ಯೂರೋ ಆಯಿತು. ಒಂದೇ ಒಂದು ರಾತ್ರಿ ಸ್ವಿಮ್ಮಿಂಗ್ ಪೂಲ್ ಇರುವ ಕ್ಯಾಂಪಿಂಗಿಗೆ ಹೋಗಿ 38 ಯೂರೋ ತೆತ್ತೆವು. ನವೆಂಬರ್ ಅಂತ ಪೂಲ್ ಮುಚ್ಚಿತ್ತು, ಕರೆಂಟಿಗೆ ಬೇರೆ ಬಿಲ್ಲು. ಗೇಟಿನಲ್ಲೇ ಏನೇನು ತೆರೆದಿದೆ ಎಂದು ಕೇಳಿಯೇ ಒಳಗೆ ಹೋಗಿ.

ಇನ್ನು ಊಟ. ಶುದ್ಧ ಸಸ್ಯಾಹಾರಿಗಳು ಕುಕ್ಕರ್, ಸಾರಿನ ಪುಡಿ ಒಯ್ಯಿರಿ. ‘ಸಿನ್ ಕಾರ್ನೆ’, ಅಂದರೆ ಮಾಂಸ ಬೇಡ, ಎಂದಷ್ಟೇ ಹೇಳಿದರೆ ಸಾಲದು. ಹಂದಿಯ ಹಾಮೋನ್ ಚೂರನ್ನೂ ಟ್ಯೂನಾ ಮೀನನ್ನೂ ಎಷ್ಟೋ ಜನ ಮಾಂಸದ ಲೆಕ್ಕಕ್ಕೇ ಹಿಡಿಯುವುದಿಲ್ಲ. ‘ಸಿನ್ ಹಾಮೋನ್, ಸಿನ್ ಅತುನ್’ ಅಂತ ಅದನ್ನೂ ಸೇರಿಸಿ ಹೇಳಿ.

ಇನ್ನು ಮಾಲಗಾದಿಂದ ಪೂರ್ವದ ಕಡೆ. ನೆರ್ಹಾ ಊರು ದಾಟಿದರೆ ಗ್ರನಾದಾ ಪ್ರಾಂತ್ಯದ ಕರಾವಳಿ. ಸಲೋಬ್ರೆನ್ಯಾದಲ್ಲಿ ಸಮುದ್ರದ ಕಡೆ ಬಿಟ್ಟು ಒಳಗಿನ ಬೀದಿಯಲ್ಲಿ ನಡೆಯುತ್ತಿದ್ದಾಗ ಒಂದು ಸಣ್ಣ ಹೋಟೆಲು ಕಂಡಿತು. ಐದೇ ಮೇಜು. ಮಧ್ಯಾಹ್ನ ಎರಡೂವರೆ, ಅಲ್ಲಿಯವರ ಊಟದ ಹೊತ್ತು. ಕೂಲಿಯವರು, ಪೋಸ್ಟ್‌ಮನ್ ಎಲ್ಲ ಕೂತಿದ್ದರು. ಬ್ರೆಡ್ಡು, ಕುಡಿಯಲು ಏನಾದರೊಂದು, ಎರಡು ಬಗೆ ಅಡುಗೆ, ಕೊನೆಗೆ ಹಣ್ಣು, ಎಲ್ಲ ಸೇರಿ 11 ಯೂರೋ. ನಮ್ಮ ಕಷ್ಟ ಕೇಳಿದ ಅಡುಗೆಯಾಕೆ ಬದನೆಕಾಯಿ ಎತ್ತಿ ತೋರಿಸಿ, ತಲೆಯಾಡಿಸಿ ಒಳಗೆ ಹೋದರು. ಬಂದದ್ದು ಉದ್ದುದ್ದ ಸೀಳಿ, ಹಿಟ್ಟು ಹೊರಳಿಸಿ ಕರಿದ ಬದನೆಕಾಯಿ. ಮೇಲೆ ಎಳೆ ಎಳೆಯಾಗಿ ಕಪ್ಪು ಪಾಕ. ಬಾಯಿಗಿಟ್ಟ ಯಜಮಾನರು ನನ್ನ ಮುಖ ನೋಡಿ, ‘ಇದು ಜೋನಿ ಬೆಲ್ಲ’ ಅಂದರು.

ನಿಜಕ್ಕೂ ಜೋನಿ ಬೆಲ್ಲವೇ. ಶಿರಸಿ ಕಡೆಯ ನಮಗೆ ಆ ರುಚಿ ಕಣ್ಣು ಕಟ್ಟಿದರೂ ಗೊತ್ತಾಗುತ್ತದೆ, ಇದು ಸ್ವಲ್ಪ ಹೆಚ್ಚು ಕಾಯಿಸಿದಂತೆ ಕಹಿ ಅಂಚಿನದು. ಅವರು ಮಿಯೆಲ್ ದೆ ಕಾನ್ಯಾ, ಕಬ್ಬಿನ ಜೇನು ಎನ್ನುತ್ತಾರೆ. ಬಾಟಲಿ ತಂದು ತೋರಿಸಿದರು, ನೆರ್ಹಾ ಪಕ್ಕದ ಫ್ರಿಹಿಲಿಯಾನಾದಲ್ಲಿ ತಯಾರಾದದ್ದು. ಅರಬರು ಸಾವಿರ ವರ್ಷದ ಹಿಂದೆ ತಂದ ಕಬ್ಬು ಈ ಕರಾವಳಿಯ ಜೀವನವೇ ಆಗಿತ್ತಂತೆ. ಸಲೋಬ್ರೆನ್ಯಾದ ಸಕ್ಕರೆ ಕಾರ್ಖಾನೆ 2006ರಲ್ಲಿ ಮುಚ್ಚಿತು. ಯಜಮಾನರು ಫೋನಿನಲ್ಲಿ ನಮ್ಮ ಮನೆಯ ಆಲೆಮನೆ, ಕೊಪ್ಪರಿಗೆಯ ಫೋಟೋ ತೋರಿಸಿದರು. ಆಕೆ ಒಳಗಿದ್ದ ಗಂಡನನ್ನು ಕೂಗಿ ಕರೆದರು. ಆತ ಫೋಟೋ ನೋಡಿದವರೇ ಬಗ್ಗಿ, ಎಡಗೈಯಲ್ಲಿ ಕಬ್ಬು ಹಿಡಿದು ಬಲಗೈಯಲ್ಲಿ ಬುಡ ಕಡಿಯುವ ಹಾಗೆ ಮಾಡಿ ತೋರಿಸಿದರು, ಆಮೇಲೆ ತಮ್ಮ ಬೆರಳಿನ ಹಳೆಯ ಗಾಯದ ಕಲೆ. ಮಾರನೇ ದಿನವೂ ಅಲ್ಲೇ ಊಟ ಮಾಡಿದೆವು, ಅದರ ಮಾರನೇ ದಿನವೂ. ಸಮುದ್ರದೆದುರಿನ ಹೋಟೆಲುಗಳಲ್ಲಿ ದುಡ್ಡು ಸುರಿಯಬೇಡಿ, ಎರಡು ಬೀದಿ ಒಳಗೆ ನಡೆಯಿರಿ.

ಫ್ರಿಹಿಲಿಯಾನಾಕ್ಕೆ ಗಾಡಿ ಹತ್ತಿಸಬೇಡಿ, ಬೀದಿಗಳು ಅಷ್ಟು ಕಿರಿದು. ನೆರ್ಹಾದಿಂದ ಬಸ್ಸಿದೆ. ಅಲ್ಮೇರಿಯಾಕ್ಕೆ ಹೋಗುವ ದಾರಿಯಲ್ಲಿ ಎಲ್ ಎಹಿದೋ ಊರಿನ ಸುತ್ತ ಸಾವಿರಾರು ಹೆಕ್ಟೇರ್ ನೆಲ ಪ್ಲಾಸ್ಟಿಕ್ ಹಸಿರುಮನೆಗಳ ಕೆಳಗಿದೆ. ಅದನ್ನು ದಾಟುವಾಗ ನನಗೆ ಉಸಿರು ಕಟ್ಟಿದ ಹಾಗಾಯಿತು. ದಾಟಿದ ಮೇಲೆ ಕಾಬೋ ದೆ ಗಾತಾ, ಮಳೆಯೇ ಕಾಣದ ಒಣ ಬೆಟ್ಟ, ನೀಲಿ ಸಮುದ್ರ, ಜನವೇ ಇಲ್ಲದ ಮರಳು. ನನಗೆ ಇಡೀ ಪ್ರವಾಸದಲ್ಲಿ ಅದಕ್ಕಿಂತ ಚಂದದ ಜಾಗ ಸಿಗಲಿಲ್ಲ. ಆದರೆ ಅದು ರಕ್ಷಿತ ಪ್ರದೇಶ. ಕ್ಯಾಂಪಿಂಗ್ ಬಿಟ್ಟು ಬೇರೆಲ್ಲೂ ಗಾಡಿಯಲ್ಲಿ ರಾತ್ರಿ ಕಳೆಯುವಂತಿಲ್ಲ.

ಚಳಿಗಾಲದಲ್ಲಿ ಹೋದರೆ ಸಲೋಬ್ರೆನ್ಯಾ, ಅಲ್ಮುನ್ಯೇಕರ್ ಸುತ್ತ ರಸ್ತೆಬದಿಯಲ್ಲಿ ಚಿರಿಮೋಯಾ ಮಾರುತ್ತಾರೆ, ನಮ್ಮ ಸೀತಾಫಲದ ಜಾತಿಯದೇ. ಗಟ್ಟಿ ಇರುವುದನ್ನು ಕೊಂಡು ಎರಡು ಮೂರು ದಿನ ಗಾಡಿಯ ಕಪಾಟಿನಲ್ಲಿಡಿ. ಕಬ್ಬಿನ ಪಾಕದ ಬಾಟಲಿ ಕೊಂಡರೆ ಬಟ್ಟೆಯಲ್ಲಿ ಸುತ್ತಿ ದೊಡ್ಡ ಸೂಟ್‌ಕೇಸಿಗೇ ಹಾಕಿ. ನಮ್ಮ ಕೈಚೀಲದಲ್ಲಿದ್ದ ಒಂದನ್ನು ಮಾಲಗಾ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ತೆಗೆದಿಟ್ಟುಕೊಂಡರು.