ಯೊಕುಲ್ಸಾರ್ಲೋನ್‌ಗೆ ಹೊರಟವರೇ, ಒಂದು ದಿನದ ಬಸ್ಸು ಮಾತ್ರ ಹತ್ತಬೇಡಿ

ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ನನ್ನ ಫೋಟೊ ಸ್ಟುಡಿಯೋಗೆ ಬಂದವರು ಗೋಡೆ ಮೇಲಿನ ನೀಲಿ ಮಂಜುಗಡ್ಡೆಯ ಫೋಟೊ ನೋಡಿ ಕೇಳುವುದು ಒಂದೇ ಪ್ರಶ್ನೆ: "ಇದು ಕಂಪ್ಯೂಟರಿನಲ್ಲಿ ಮಾಡಿದ್ದಾ?" ಅಲ್ಲ ಮಾರಾಯ್ರೆ, ಐಸ್‌ಲ್ಯಾಂಡಿನ ಯೊಕುಲ್ಸಾರ್ಲೋನ್ ಎಂಬ ಹಿಮನದಿಯ ಸರೋವರದಲ್ಲಿ ತೆಗೆದದ್ದು. ಹಾಗೆ ಕೇಳಿದವರಲ್ಲಿ ಮೂವರು ಈಗ ನಿಜವಾಗಿಯೂ ಹೊರಟು ನಿಂತಿದ್ದಾರೆ. ತೀರ್ಥಹಳ್ಳಿ ಕಡೆಯವರು ಇಬ್ಬರು, ಶಿವಮೊಗ್ಗದವರು ಒಬ್ಬರು. ಫೋನಿನಲ್ಲಿ ಮೂವರಿಗೂ ಹೇಳಿದ್ದನ್ನೇ ಹೇಳಿ ಬಾಯಿ ಒಣಗಿತು, ಅದಕ್ಕೆ ಬರೆದೇ ಇಡುತ್ತಿದ್ದೇನೆ. ವೀಸಾ, ವಿಮಾನ, ಹೋಟೆಲಿನ ನಕ್ಷತ್ರಗಳ ಲೆಕ್ಕ ನನ್ನ ಹತ್ತಿರ ಕೇಳಬೇಡಿ, ಅದೆಲ್ಲ ಮೊಬೈಲಿನಲ್ಲೇ ಸಿಗುತ್ತದೆ.

ಮೊದಲ ಸಲ ಹೋದದ್ದು 2019ರ ಫೆಬ್ರುವರಿ ಮೊದಲ ವಾರ. ಅಡಿಕೆ ಕೊಯ್ಲು ಮುಗಿದಿತ್ತು, ಮದುವೆ ಸೀಸನ್ ಇನ್ನೂ ಕಾವೇರಿರಲಿಲ್ಲ. ಹಿಮದ ಮೇಲೆ ಕಾರು ಓಡಿಸುವ ಧೈರ್ಯ ನನಗಿಲ್ಲ. ರಾಜಧಾನಿ ರೇಕ್ಯವಿಕ್‌ನಿಂದ ಬೆಳಿಗ್ಗೆ ಹೊರಟು ರಾತ್ರಿ ವಾಪಸ್ ತಂದುಬಿಡುವ ಬಸ್ಸಿಗೆ ನಮ್ಮ ದುಡ್ಡಿನಲ್ಲಿ ಸುಮಾರು 12,000 ರೂಪಾಯಿ ಕಟ್ಟಿದೆ. ಜಾಹೀರಾತಿನಲ್ಲಿ "ಫೋಟೊ ತೆಗೆಯುವವರಿಗೆ ಹೇಳಿ ಮಾಡಿಸಿದ್ದು" ಅಂತ ಬೇರೆ ಇತ್ತು. ಒಂದು ಕಡೆಗೇ 370 ಕಿಲೋಮೀಟರಿನ ಮೇಲೆ. ಸಾಗರದಿಂದ ಬೆಂಗಳೂರಿಗೆ ಹೋಗಿ ಅದೇ ದಿನ ತಿರುಗಿ ಬಂದ ಹಾಗೆ. ಊರಲ್ಲಿ ಯಾರಾದರೂ ಹಾಗೆ ಹೊರಟರೆ ತಲೆ ಸರಿ ಇದೆಯಾ ಅಂತ ಕೇಳುವವನು ನಾನೇ. ನಕ್ಷೆಯಲ್ಲಿ ಆ ದೇಶ ಅಂಗೈಯಗಲ ಕಾಣುತ್ತದಲ್ಲ, ಅದರಲ್ಲಿ ಏಮಾರಿದೆ.

ಏಳು ಗಂಟೆಗೆ ಕತ್ತಲಲ್ಲಿ ಹತ್ತಿಸಿಕೊಂಡರು. ಸೂರ್ಯ ಹುಟ್ಟಿದ್ದು ಹತ್ತರ ಹತ್ತಿರ. ನನ್ನ ಸೀಟು ಹಿಂದಿನ ಚಕ್ರದ ಮೇಲೆ. ಕಿಟಕಿಯ ಹೊರಗೆ ರಸ್ತೆಯ ರಾಡಿ ಹೆಪ್ಪುಗಟ್ಟಿತ್ತು, ಒಳಗೆ ನಲವತ್ತು ಜನರ ಉಸಿರು ಹಬೆಯಾಗಿ ಕೂತಿತ್ತು. ಕರ್ಚೀಫಿನಲ್ಲಿ ಒರೆಸಿದರೆ ಎರಡು ನಿಮಿಷಕ್ಕೆ ಮತ್ತೆ ಹಾಗೇ. ದಾರಿಯಲ್ಲಿ ಎರಡು ಜಲಪಾತ ತೋರಿಸಿದರು, ಎರಡೂ 60 ಮೀಟರಿನ ಆಸುಪಾಸು. ಜೋಗ ನೋಡಿಕೊಂಡು ಬೆಳೆದವನ ಮುಖ ನೋಡಿ ಗೈಡಿಗೆ ಬೇಜಾರಾಯಿತೋ ಏನೋ. ಆಮೇಲೆ ಒಂದು ಉಣ್ಣೆ ಅಂಗಡಿಯ ಮುಂದೆ ನಿಲ್ಲಿಸಿದರು. ಅಲ್ಲಿ ನಲವತ್ತು ನಿಮಿಷ! ಯೊಕುಲ್ಸಾರ್ಲೋನ್ ಮುಟ್ಟಿದಾಗ ಮಧ್ಯಾಹ್ನ ಮೂರು ದಾಟಿತ್ತು. "ನಾಲ್ಕೂಕಾಲಿಗೆ ಸರಿಯಾಗಿ ಹೊರಡುತ್ತೇವೆ" ಅಂದರು. ಐದರ ಸುಮಾರಿಗೆ ಬೆಳಕು ಕೆಂಪಾಗುತ್ತದೆ ಅಂತ ಗೊತ್ತಿದ್ದವನು ನಾಲ್ಕೂಕಾಲಿಗೆ ಬಸ್ಸಿನಲ್ಲಿ ಕೂತು, ಒರೆಸಿದ ಕಿಟಕಿಯ ತೂತಿನಿಂದ ಆ ಕೆಂಪನ್ನು ನೋಡಿದೆ. ಹೊಟ್ಟೆ ಉರಿಯಿತು ಅಂತ ಬರೆದರೆ ಕಡಿಮೆಯೇ.

ಆ ಪ್ರವಾಸ ಉಳಿದದ್ದು ಹಾಸ್ಟೆಲಿನಲ್ಲಿ ಪರಿಚಯವಾದ ಪುಣೆಯ ಇಬ್ಬರು ಹುಡುಗರಿಂದ. ಅವರ ಕಾರಿನಲ್ಲಿ ಪೆಟ್ರೋಲ್ ಪಾಲು ಹಾಕಿ ಮತ್ತೆ ಹೋದೆ. ಗಾಳಿ ಜೋರಾಗಿ ವೀಕ್ ಊರಿನ ಆಚೆ ರಸ್ತೆಯನ್ನೇ ಮುಚ್ಚಿದ್ದರು, ಒಂದು ದಿನ ಅಲ್ಲೇ ಕಳೆಯಬೇಕಾಯಿತು. ಮರುದಿನ ತೆರೆದರು. ಅಲ್ಲಿ ಚಳಿಗಾಲದಲ್ಲಿ ಇದು ಮಾಮೂಲು. ಹೊರಡುವ ಮುಂಚೆ ಸರ್ಕಾರದ ರಸ್ತೆ ಸ್ಥಿತಿಯ ಪುಟ, ಹವಾಮಾನದ ಪುಟ ಎರಡನ್ನೂ ನೋಡಿ, ಮುಚ್ಚಿದೆ ಅಂದರೆ ಸುಮ್ಮನೆ ಕೂತುಬಿಡಿ. ಕಾರಿನ ಬಾಗಿಲನ್ನು ಗಾಳಿಗೆ ಎದುರಾಗಿ ಒಂದೇ ಕೈಯಲ್ಲಿ ತೆರೆಯಬೇಡಿ. ಕಿತ್ತು ಹೋದರೆ ಮಾಮೂಲಿ ವಿಮೆಯಲ್ಲಿ ಅದು ಬರುವುದಿಲ್ಲ, ಪೂರ್ತಿ ನಿಮ್ಮ ಜೇಬಿಗೇ.

ಜಾಗದ ಬಗ್ಗೆ ಸ್ವಲ್ಪ. ವಾತ್ನಾಯೊಕುಲ್ ಎಂಬ ದೊಡ್ಡ ಹಿಮರಾಶಿಯ ಒಂದು ನಾಲಿಗೆ ಕೆಳಗಿಳಿದು ಸಮುದ್ರದ ಹತ್ತಿರ ಬಂದಿದೆ. ನೂರು ವರ್ಷದ ಹಿಂದೆ ಅಲ್ಲಿ ಸರೋವರವೇ ಇರಲಿಲ್ಲ. ಹಿಮನದಿ ಹಿಂದೆ ಸರಿಯುತ್ತಾ ಹೋಗಿ 1930ರ ದಶಕದ ನಡುವೆ ನೀರು ನಿಲ್ಲಲು ಶುರುವಾದದ್ದು ಈಗ ದೇಶದಲ್ಲೇ ಅತಿ ಆಳದ ಸರೋವರ, 248 ಮೀಟರ್. ನಮ್ಮ ಜೋಗ 253 ಮೀಟರ್ ಅಲ್ಲವೇ? ರಾಜಾ ಫಾಲ್ಸನ್ನು ಬುಡ ಸಮೇತ ಎತ್ತಿ ಅಲ್ಲಿ ಮುಳುಗಿಸಿದರೆ ಹೆಚ್ಚುಕಡಿಮೆ ಮೂರಾಳೆತ್ತರದಷ್ಟು ತಲೆ ಹೊರಗೆ ಉಳಿದೀತು. ಹಿಮನದಿಯ ಮುಖದಿಂದ ಕಳಚಿ ಬಿದ್ದ ಮಂಜುಗಡ್ಡೆಯ ಬಂಡೆಗಳು ಈ ನೀರಿನಲ್ಲಿ ಅಲೆದು, ಕರಗಿ ಸಣ್ಣದಾಗಿ, ಒಂದು ಗಿಡ್ಡ ಹೊಳೆಯ ಮೂಲಕ ಸೇತುವೆ ಕೆಳಗೆ ನುಸುಳಿ ಸಮುದ್ರ ಸೇರುತ್ತವೆ. ಸಮುದ್ರ ಅವನ್ನು ಕರಿ ಮರಳಿನ ದಂಡೆಗೆ ತಿರುಗಿ ಎಸೆಯುತ್ತದೆ. ಎಲ್ಲರೂ ಡೈಮಂಡ್ ಬೀಚ್ ಅನ್ನುವುದು ಆ ದಂಡೆಗೇ. ಭರತದಲ್ಲಿ ಉಪ್ಪುನೀರು ಒಳಗೆ ನುಗ್ಗುತ್ತದೆ, ಇಳಿತದಲ್ಲಿ ಮಂಜುಗಡ್ಡೆ ಹೊರಗೆ ಹೋಗುತ್ತದೆ. ದಂಡೆಗೆ ಇಳಿತದ ಹೊತ್ತು ನೋಡಿಕೊಂಡು ಹೋಗಿ, ಗಡಿಯಾರ ನೋಡಿಕೊಂಡಲ್ಲ.

ಎರಡನೇ ಸಲ 2023ರ ಸೆಪ್ಟೆಂಬರ್ ಕೊನೆ. ಜರ್ಮನಿಯಲ್ಲಿ ಓದುತ್ತಿರುವ ತಂಗಿಯ ಮಗಳು ಬಂದು ಕಾರು ಓಡಿಸಿದಳು. ಅವಳು ಅದಕ್ಕೂ ಮೊದಲು ಜೂನ್‌ನಲ್ಲಿ ಸ್ನೇಹಿತೆಯರ ಜೊತೆ ಹೋಗಿದ್ದಳು. ಹಾಗಾಗಿ ಮೂರು ಕಾಲದ ವರದಿ ನಮ್ಮ ಮನೆಯಲ್ಲೇ ಇದೆ.

ಫೆಬ್ರುವರಿಯಲ್ಲಿ ಸೂರ್ಯ ತೆಂಗಿನ ಮರದೆತ್ತರ ದಾಟುವುದಿಲ್ಲ. ಇಡೀ ದಿನ ನಮ್ಮ ಸಂಜೆ ಐದೂವರೆಯ ಬೆಳಕು. ದಂಡೆಗೆ ಬಿದ್ದ ತುಂಡು ಬೇಗ ಕರಗುವುದಿಲ್ಲ, ಒಳಗೆ ಗಾಜಿನ ಹಾಗೆ ತಿಳಿಯಾಗಿ ಬಿದ್ದಿರುತ್ತದೆ. ಆದರೆ ಸರೋವರದ ಬಂಡೆಗಳ ಮೇಲೆ ಹೊಸ ಹಿಮ ಕೂತು ಎಲ್ಲ ಬಿಳಿ ಪಂಚೆ ಹೊದ್ದ ಹಾಗೆ, ನೀಲಿ ಕಾಣುವುದು ಕಡಿಮೆ. ಜೂನ್‌ನಲ್ಲಿ ರಾತ್ರಿ ಹನ್ನೊಂದಕ್ಕೂ ಫೋಟೊ ತೆಗೆಯಬಹುದು, ದೋಣಿ ಇದೆ, ಮರಿ ಹಾಕಿದ ಸೀಲ್‌ಗಳಿವೆ. ಜೊತೆಗೆ ಜಾತ್ರೆ. ಆಮೇಲೆ ರೀವ ಹಕ್ಕಿಗಳು: ಮೊಟ್ಟೆ ಇಟ್ಟ ಜಾಗದ ಹತ್ತಿರ ಕಾಲಿಟ್ಟರೆ ನೇರ ನೆತ್ತಿಗೆ ಕುಕ್ಕುತ್ತವೆ. ತಲೆಗಿಂತ ಎತ್ತರಕ್ಕೆ ಟ್ರೈಪಾಡ್ ಹಿಡಿದು ನಡೆದರೆ ಅದನ್ನೇ ಕುಕ್ಕುತ್ತವಂತೆ, ನಮ್ಮ ಹುಡುಗಿ ಕಂಡುಕೊಂಡ ಉಪಾಯ. ರಾತ್ರಿ ಆಕಾಶದಲ್ಲಿ ಕುಣಿಯುವ ಬಣ್ಣದ ಬೆಳಕು, ಆ ಆರೋರಾ ಮಾತ್ರ ಜೂನ್‌ನಲ್ಲಿ ಕೇಳಲೇಬೇಡಿ, ಆಕಾಶ ಕಪ್ಪಾಗುವುದೇ ಇಲ್ಲ.

ಒಂದೇ ಸಲ ಹೋಗಲು ಸಾಧ್ಯ ಇರುವವರಿಗೆ ನಾನು ಸೆಪ್ಟೆಂಬರ್ ಕೊನೆಯನ್ನೇ ಹೇಳುವುದು. ಹಗಲು ರಾತ್ರಿ ಹೆಚ್ಚುಕಡಿಮೆ ಸಮ, ದೋಣಿ ಇನ್ನೂ ನಿಂತಿರುವುದಿಲ್ಲ, ರಸ್ತೆಯಲ್ಲಿ ಹಿಮ ಇಲ್ಲ, ಕತ್ತಲಾದ ಮೇಲೆ ಆರೋರಾಕ್ಕೆ ಅವಕಾಶ. ಮಳೆ ಇದೆ, ಬೇಕಾದಷ್ಟಿದೆ. ಆದರೆ ಆಗುಂಬೆ ಪಕ್ಕದವರಿಗೆ ಮಳೆ ಅಂತ ಯಾರಾದರೂ ಹೆದರಿಸುತ್ತಾರಾ? ವ್ಯತ್ಯಾಸ ಒಂದೇ, ನಮ್ಮದು ಮೇಲಿಂದ ಬೀಳುತ್ತದೆ, ಅಲ್ಲಿಯದು ಅಡ್ಡಡ್ಡ ಬರುತ್ತದೆ. ಕೊಡೆ ಒಯ್ಯಬೇಡಿ. ಮೋಡದ ದಿನ ಅಂತ ರೂಮಿನಲ್ಲಿ ಕೂರಲೂಬೇಡಿ. ಹಿಮ ಪದರ ಪದರವಾಗಿ ಬಿದ್ದು, ಮೇಲಿನ ಭಾರಕ್ಕೆ ಗಾಳಿಗುಳ್ಳೆಗಳೆಲ್ಲ ಹಿಂಡಿ ಹೋಗಿ ಗಟ್ಟಿಯಾದ ಮಂಜುಗಡ್ಡೆ ಬೆಳಕಿನಲ್ಲಿರುವ ಕೆಂಪನ್ನು ನುಂಗುತ್ತದೆ, ನಮಗೆ ಉಳಿಯುವುದು ನೀಲಿ. ಬಿಸಿಲು ನೇರ ಬಿದ್ದರೆ ಮೇಲ್ಮೈ ಬೆಳ್ಳಗೆ ಹೊಡೆದು ಆ ನೀಲಿ ಅಡಗಿಬಿಡುತ್ತದೆ. ನನ್ನ ಗೋಡೆಯ ಮೇಲಿರುವ ಫೋಟೊ ಜಿಟಿಜಿಟಿ ಮಳೆಯಲ್ಲೇ ತೆಗೆದದ್ದು.

ಅದನ್ನು ತೆಗೆದದ್ದು ಎರಡನೇ ಬೆಳಿಗ್ಗೆ. ಆರೂವರೆ, ನಿಲುಗಡೆಯಲ್ಲಿ ನಮ್ಮದು ಬಿಟ್ಟರೆ ಒಂದು ವ್ಯಾನು. ಮನೆಯಷ್ಟು ದೊಡ್ಡ ಬಂಡೆಯೊಂದು ಎದುರಿಗಿತ್ತು, ಬೆಳ್ಳಗೆ, ನಡುವೆ ಜ್ವಾಲಾಮುಖಿ ಬೂದಿಯ ಕಪ್ಪು ಗೆರೆಗಳು. ಅರ್ಧ ಗಂಟೆ ಅಲ್ಲಾಡಲಿಲ್ಲ. ಆಮೇಲೆ ಒಳಗೆಲ್ಲೋ ಸೌದೆ ಸೀಳಿದ ಹಾಗೆ ಒಂದು ಸದ್ದು. ಬಂಡೆ ಒಂದು ಬದಿಗೆ ವಾಲಿತು, ನಿಂತಿತು, ಮತ್ತೆ ವಾಲಿತು, ಕೆರೆಯಿಂದ ಎಮ್ಮೆ ಏಳುವಾಗ ಬರುವ ಹಾಗೆ ಮೈಯೆಲ್ಲ ನೀರು ಸುರಿಸುತ್ತಾ ಅಡಿಮೇಲಾಗಿ ಎದ್ದಿತು. ನೀರೊಳಗಿನ ಭಾಗ ಕರಗಿ ತೂಕ ತಪ್ಪಿದಾಗ ಹೀಗಾಗುತ್ತದೆ. ಹತ್ತರಲ್ಲಿ ಒಂಬತ್ತು ಪಾಲು ನೀರಡಿಯಲ್ಲೇ ಇರುವುದು ತಾನೇ. ಈಗ ಎದುರಿಗಿದ್ದದ್ದು ಬೇರೆಯೇ ಬಂಡೆ. ಇಂಕ್ ಬಾಟ್ಲಿಯ ನೀಲಿ, ನುಣ್ಣಗೆ. ಎದ್ದ ಅಲೆ ದಡಕ್ಕೆ ಬಂದು ಮೊಣಕಾಲಿಗೆ ಬಡಿಯಿತು. ಮರುದಿನ ಮಧ್ಯಾಹ್ನ ಹೋಗಿ ನೋಡಿದರೆ ಅದೇ ಬಂಡೆಯ ಚರ್ಮ ಆಗಲೇ ಬಿಳಿಚಿಕೊಂಡಿತ್ತು. ಬಸ್ಸಿನಲ್ಲಿ ಬಂದವರಿಗೆ ಇದು ಸಿಗುವುದು ಲಾಟರಿ ಹೊಡೆದ ಹಾಗೆ. ಹತ್ತಿರದಲ್ಲಿ ಮೂರು ರಾತ್ರಿ ಉಳಿಯಿರಿ.

ಉಳಿಯುವ ವಿಷಯಕ್ಕೆ ಬಂದರೆ ಮತ್ತೆ ತಲೆ ಕೆಡುತ್ತದೆ. ಸರೋವರದಿಂದ ನಲವತ್ತು ಕಿಲೋಮೀಟರ್ ದೂರದ ಒಂದು ತೋಟದ ಮನೆಯಲ್ಲಿ ಇಬ್ಬರಿಗೆ ರಾತ್ರಿಗೆ 18,000 ರೂಪಾಯಿ. ಮಹಡಿ ಮಂಚ, ಬಚ್ಚಲು ಏಳು ಜನಕ್ಕೆ ಒಂದು. ಹೋಗಿ ನೋಡಿದರೆ ಹಾಸಿಗೆ ಬರಿಮೈಯಲ್ಲಿದೆ. ಹಾಸು, ಹೊದಿಕೆಗೆ ಬೇರೆ ದುಡ್ಡಂತೆ! ಅಲ್ಲಿ ಈ ಪದ್ಧತಿ ಹಲವು ಕಡೆ ಇದೆ, ಬುಕ್ ಮಾಡುವಾಗ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ, ನಾವು ಓದುವುದಿಲ್ಲ. ಸ್ಲೀಪಿಂಗ್ ಬ್ಯಾಗ್ ಒಯ್ದರೆ ಆ ದುಡ್ಡು ಉಳಿಯುತ್ತದೆ. ಬಿಸಿನೀರಿಗೆ ಕೊಳೆತ ಮೊಟ್ಟೆಯ ವಾಸನೆ ಇದ್ದರೆ ಗಾಬರಿಯಾಗಬೇಡಿ, ನೆಲದಡಿಯ ಗಂಧಕ. ಕುಡಿಯಲು ತಣ್ಣೀರಿನ ನಲ್ಲಿ ತಿರುಗಿಸಿ, ಬಾಟಲಿ ನೀರಿಗೆ ದುಡ್ಡು ಹಾಕುವುದು ದಡ್ಡತನ.

ಊಟದ ಬಗ್ಗೆ ಮಾತ್ರ ನನಗೆ ದೂರಿಲ್ಲ. ಪೂರ್ವಕ್ಕೆ 80 ಕಿಲೋಮೀಟರ್ ಹೋದರೆ ಹೊಪ್ನ್ ಎಂಬ ಬಂದರು ಊರು. ಅಲ್ಲಿಯ ಸಣ್ಣ ಜಾತಿಯ ಲಾಬ್‌ಸ್ಟರಿಗೆ ದೊಡ್ಡ ಹೆಸರು, ಬಿಲ್ಲೂ ಅಷ್ಟೇ ದೊಡ್ಡದು. ನಾವು ಅದನ್ನು ಬಿಟ್ಟು ದಾರಿಯಲ್ಲಿ ಪೆಟ್ರೋಲ್ ಬಂಕಿಗೆ ಅಂಟಿಕೊಂಡ ಒಂದು ಕ್ಯಾಂಟೀನಿಗೆ ನುಗ್ಗಿದೆವು. ಆರು ಮೇಜು, ಗೋಡೆಗೆ ಒದ್ದೆ ಜಾಕೆಟ್ ನೇತುಹಾಕುವ ಗೂಟ, ಮೂಲೆಯಲ್ಲಿ ಟ್ರಕ್ ಚಾಲಕರು. ಕ್ಯೋತ್‌ಸೂಪಾ ಅಂದರೆ ಕುರಿಮರಿ ಮಾಂಸದ ಸಾರು. ಮೂಳೆ ಸಮೇತ ಬೆಂದ ಮಾಂಸ, ಆಲೂಗೆಡ್ಡೆ, ಕ್ಯಾರೆಟ್, ನಮ್ಮ ನವಿಲುಕೋಸನ್ನು ನೆನಪಿಸುವ ಒಂದು ಹಳದಿ ಗೆಡ್ಡೆ. ಮಸಾಲೆ ಅಂತ ಏನೂ ಇಲ್ಲ. ಮೊದಲ ಚಮಚಕ್ಕೆ ಇದೇನಪ್ಪ ಪಥ್ಯದ ಊಟ ಅನ್ನಿಸಿತು. ನಾಲ್ಕನೆಯದಕ್ಕೆ ಮಾತು ನಿಂತಿತು. ಬೆಳಗಿನಿಂದ ನೆನೆದು ಮರಗಟ್ಟಿದ ಕೈಯಲ್ಲಿ ಆ ಬಟ್ಟಲು ಹಿಡಿದುಕೊಂಡ ಸುಖವೇ ಬೇರೆ. ಸಾಗರದಲ್ಲಿ ಸೋನೆ ಮಳೆಯ ದಿನ ಮಿಲಿಟರಿ ಹೋಟೆಲಿನ ಕಾಲು ಸೂಪು ಕುಡಿದವರಿಗೆ ಗೊತ್ತಾಗುತ್ತದೆ. ಬಟ್ಟಲು ಖಾಲಿಯಾದ ಮೇಲೆ ಎದ್ದು ಹೋಗಿ ಮತ್ತೆ ಬಡಿಸಿಕೊಳ್ಳಬಹುದು, ಅದೇ ದುಡ್ಡಿನಲ್ಲಿ! ಬ್ರೆಡ್ಡು, ಬೆಣ್ಣೆ ಬೇಕಾದಷ್ಟು. ತಲೆಗೆ 1,400 ರೂಪಾಯಿ, ಆ ದೇಶಕ್ಕೆ ಅದು ಧರ್ಮದೂಟ. ನಾನು ಮೂರು ಸಲ ಹಾಕಿಸಿಕೊಂಡೆ. ಮೂರನೇ ಸಲಕ್ಕೆ ಅಲ್ಲಿಯ ಅಜ್ಜಿ ಕೇಳದೆಯೇ ಅಡಿಯಿಂದ ಸೌಟು ಹಾಕಿ ಮಾಂಸ ಹುಡುಕಿ ಬಡಿಸಿದಳು. ಮಾರನೆಯ ದಿನ 60 ಕಿಲೋಮೀಟರ್ ಹಿಂದೆ ಬಂದು ಮತ್ತೆ ಅಲ್ಲೇ ಉಂಡೆವು. ಸಸ್ಯಾಹಾರಿಗಳು ಗೊಜ್ಜವಲಕ್ಕಿ ಪುಡಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿ. ಬಿಸಿನೀರು ಎಲ್ಲಿಯೂ ಸಿಗುತ್ತದೆ.

ಬಟ್ಟೆಬರೆಯಲ್ಲಿ ಒಂದೇ ಗುಟ್ಟು: ತೋಟದ ಗಂಬೂಟು. ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವಾಗ ಹಾಕುತ್ತೇವಲ್ಲ, ಅದೇ ನಾನೂರು ರೂಪಾಯಿಯದ್ದು. ಒಳಗೆ ಎರಡು ಜೊತೆ ಉಣ್ಣೆ ಕಾಲುಚೀಲ ಹಿಡಿಸುವಷ್ಟು ಒಂದು ನಂಬರ್ ದೊಡ್ಡದು ಕೊಳ್ಳಿ. ಡೈಮಂಡ್ ಬೀಚಿನಲ್ಲಿ ಇಪ್ಪತ್ತು ಸಾವಿರದ ಬೂಟು ಹಾಕಿದವರು ಅಲೆ ಬಂದಾಗಲೆಲ್ಲ ಹಿಂದಕ್ಕೆ ಜಿಗಿಯುತ್ತಿದ್ದರು, ನಾನು ನಿಂತಲ್ಲೇ ನಿಂತು ತೆಗೆದೆ. ಆದರೆ ಮೊಣಕಾಲು ದಾಟುವ ನೀರಿಗೆ ಇಳಿಯಬೇಡಿ, ಸಮುದ್ರಕ್ಕೆ ಬೆನ್ನು ಹಾಕಬೇಡಿ. ಹತ್ತು ಸಣ್ಣ ಅಲೆ ಬಂದು ಹನ್ನೊಂದನೆಯದು ಆಳೆತ್ತರ ಬರುತ್ತದೆ, ಅದರೊಳಗೆ ಕ್ವಿಂಟಲ್ ತೂಕದ ಮಂಜುಗಡ್ಡೆ ಉರುಳಿಕೊಂಡು ಬರುತ್ತಿರುತ್ತದೆ. ದಂಡೆಯ ದೊಡ್ಡ ತುಂಡುಗಳ ಮೇಲೆ ಹತ್ತಿ ಪೋಸ್ ಕೊಡುವವರನ್ನು ನೋಡಿ ನನ್ನ ಎದೆ ಹೊಡೆದುಕೊಂಡಿತು.

ಪೋಸ್ ಅಂದೆನಲ್ಲ, ಹತ್ತು ಗಂಟೆ ಮೇಲೆ ಆ ದಂಡೆಗೆ ಹೋಗಲೇಬೇಡಿ. ಒಂದೇ ಬೆಳಿಗ್ಗೆ ಬಿಳಿ ಗೌನಿನ ಮದುಮಗಳು ನಾಲ್ವರನ್ನು ಎಣಿಸಿದೆ. ಹೊನ್ನೆಮರಡಿನ ಹಿನ್ನೀರಿನಲ್ಲಿ ಪ್ರೀವೆಡ್ಡಿಂಗ್ ತೆಗೆದು ಹೊಟ್ಟೆ ಹೊರೆಯುವ ನಾನು ಈ ಮಾತು ಹೇಳಬಾರದು, ಆದರೂ ಅದನ್ನು ತಪ್ಪಿಸಿಕೊಳ್ಳಲೆಂದೇ ಅಷ್ಟು ದೂರ ಹೋದವನು.

ಹೊನ್ನೆಮರಡು ಇನ್ನೊಂದಕ್ಕೆ ಉಪಯೋಗಕ್ಕೆ ಬರುತ್ತದೆ. ಬೇಸಿಗೆಯಲ್ಲಿ ಲಿಂಗನಮಕ್ಕಿ ನೀರು ಇಳಿದು ಮುಳುಗಡೆಯ ಮರದ ಬೊಡ್ಡೆಗಳು ಎದ್ದು ನಿಲ್ಲುತ್ತವಲ್ಲ, ಅಲ್ಲಿ ಬೆಳಗಿನ ಜಾವ ದಪ್ಪ ಕೈಗವಸು ಹಾಕಿಕೊಂಡೇ ಕ್ಯಾಮೆರಾ ಬಟನ್ ಒತ್ತಿ ಅಭ್ಯಾಸ ಮಾಡಿ. ಮೀನು ಹಿಡಿಯುವವರು ನಗುತ್ತಾರೆ, ನಗಲಿ. ದಂಡೆಯಲ್ಲಿ ಅಲೆ ಹಿಂದೆ ಸರಿಯುವಾಗ ಅರ್ಧದಿಂದ ಒಂದು ಸೆಕೆಂಡ್ ಶಟರ್ ಇಟ್ಟರೆ ಮಂಜುಗಡ್ಡೆಯ ಸುತ್ತ ನೀರು ಬಿಳಿ ಎಳೆಗಳಾಗಿ ಬರುತ್ತದೆ. ಹಿಮ ತುಂಬಿದ ಚೌಕಟ್ಟಿನಲ್ಲಿ ಕ್ಯಾಮೆರಾ ತಾನಾಗಿ ಎಲ್ಲವನ್ನೂ ಬೂದು ಮಾಡುತ್ತದೆ, ಬೆಳಕನ್ನು ಒಂದು ಸ್ಟಾಪ್, ಅಂದರೆ ದುಪ್ಪಟ್ಟು, ಹೆಚ್ಚಿಸಿ ಕೊಡಿ. ಬ್ಯಾಟರಿ ಒಳ ಅಂಗಿಯ ಜೇಬಿನಲ್ಲಿರಲಿ. ರೂಮಿನೊಳಗೆ ಬರುವ ಮುಂಚೆ, ಹೊರಗೇ, ಕ್ಯಾಮೆರಾವನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿ, ಇಲ್ಲದಿದ್ದರೆ ಲೆನ್ಸಿನೊಳಗೆ ನೀರು ಕೂರುತ್ತದೆ. ಮಲೆನಾಡಿನವರಿಗೆ ಲೆನ್ಸಿನ ಬೂಷ್ಟು ಅಂದರೆ ಏನು ಅಂತ ವಿವರಿಸಬೇಕಿಲ್ಲ. ಡ್ರೋನ್ ಮನೆಯಲ್ಲೇ ಬಿಡಿ. 2017ರಿಂದ ಆ ಸರೋವರ ರಾಷ್ಟ್ರೀಯ ಉದ್ಯಾನದೊಳಗಿದೆ, ಅನುಮತಿ ಇಲ್ಲದೆ ಹಾರಿಸುವಂತಿಲ್ಲ.

ಟ್ರೈಪಾಡಿನ ಕಾಲನ್ನು ಮಾತ್ರ ಅದೇ ರಾತ್ರಿ ಬಚ್ಚಲಲ್ಲಿ ಬಿಚ್ಚಿ ಸಿಹಿನೀರಿನಲ್ಲಿ ತೊಳೆಯಿರಿ. ಸುಸ್ತಾಗಿದೆ, ನಾಳೆ ನೋಡೋಣ ಅಂತ ನಾನು ಮಲಗಿದೆ. ಉಪ್ಪು, ಕರಿ ಮರಳು ಎರಡೂ ಸೇರಿ ಒಂದು ಕಾಲಿನ ಕೊನೆಯ ಗಂಟು ಕಚ್ಚಿಕೊಂಡಿತು. ಇಲ್ಲಿಗೆ ಬಂದು ಸೈಕಲ್ ಶಾಪಿನವನ ಹತ್ತಿರ ಒಯ್ದರೆ ಅವನು ಸೀಮೆಎಣ್ಣೆ ಬಿಟ್ಟು, ತಟ್ಟಿ, ಅರ್ಧ ಚಮಚ ಮರಳು ಹೊರಗೆ ತೆಗೆದು ಹಳೇ ಪೇಪರಿನ ಮೇಲೆ ಹಾಕಿ ತೋರಿಸಿದ. "ಯಾವ ಹೊಳೇದು ಸಾರ್ ಇದು, ಇಷ್ಟು ಕಪ್ಪಗಿದೆ?" ಅಂದ. ಕಾಲು ಇನ್ನೂ ಪೂರ್ತಿ ಹೊರಗೆ ಬರುವುದಿಲ್ಲ.