ನೊಂಪು ಇದ್ದು, ಪಸೆ ಇಲ್ಲೆ

ಓಣಂಗೆ ಹತ್ತು ದಿನ ರಜೆ ಕೊಡುವ ಕೇರಳದಲ್ಲಿ ದೀಪಾವಳಿಗೆ ಸಿಗುವುದು ಒಂದೇ ದಿನ. ಆ ಒಂದು ದಿನಕ್ಕಾಗಿ ಈ ಸಲ ಕೊನೆಯ ಪೀರಿಯಡ್ ಮುಗಿಸಿ, ಕಾಸರಗೋಡಿನಿಂದ ಬದಿಯಡ್ಕದ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ, ದೊಡ್ಡಮ್ಮನ ಮನೆ ಮುಟ್ಟುವಾಗ ಕತ್ತಲೆ ಆಗಿತ್ತು. ಹಂಡೆ ತಿಕ್ಕಿ, ಕುತ್ತಿಗೆಗೆ ಬಳ್ಳಿ ಸುತ್ತಿ, ನೀರು ತುಂಬಿಸಿಯೂ ಆಗಿತ್ತು.

ಬೆಳಗ್ಗೆ ನಾಲ್ಕೂವರೆಗೆ ಎಬ್ಬಿಸಿ ಮಣೆಯ ಮೇಲೆ ಕೂರಿಸಿದರು. ನನಗೆ ನಲವತ್ತಾರು ವರ್ಷ, ಪ್ಲಸ್ ಟು ಮಕ್ಕಳಿಗೆ ಕೆಮಿಸ್ಟ್ರಿ ಕಲಿಸುತ್ತೇನೆ, ಆದರೆ ಆ ಮಣೆಯಲ್ಲಿ ಕೂತರೆ ನಾನು ಬರೀ ‘ಕೂಸು’. ದೊಡ್ಡಮ್ಮ ಅಂಗೈಗೆ ಎಣ್ಣೆ ಹೊಯ್ದುಕೊಂಡು ನೆತ್ತಿಗೆ ತಟ್ಟಿದರು, ಹಿಂದೆ ಎಳೆದರು, ತುದಿಯವರೆಗೆ ಬಂದು ಕೈ ನಿಲ್ಲಿಸಿದರು. ಎರಡು ಬೆರಳಿನ ನಡುವೆ ಕೂದಲನ್ನು ತಿಕ್ಕಿ ನೋಡಿದರು. ಅಂಗಡಿಯಲ್ಲಿ ಸೀರೆಯ ಸೆರಗು ತಿಕ್ಕಿ ನೋಡುವ ಹಾಗೆ.

“ನೊಂಪು ಇದ್ದು ಕೂಸೆ, ಪಸೆ ಇಲ್ಲೆ.”

ನಮ್ಮ ಮನೆಮಾತು ಹವ್ಯಕದಲ್ಲಿ ಹೇಳಿದ್ದು: ನುಣುಪು ಇದೆ, ಪಸೆ ಇಲ್ಲ. ಅಷ್ಟೇ. ಮತ್ತೆ “ಇದಕ್ಕೆ ಎಂತರ ಕಿಟ್ಟಿದ್ದೆ?”, ಏನು ಹಚ್ಚಿದ್ದೀ ಎಂದು ಕೇಳಿದರು. ಸೀರಮ್ ಅಂದೆ, ಕೂದಲು ನುಣುಪಾಗಲು ಹಚ್ಚುವ ದ್ರವ. “ಹಾಂಗೆ ಹೇಳಿರೆ ಎಂತರ?” ಎಂದರು. ನಾನು ಬಾಯಿ ತೆರೆದೆ, ಮುಚ್ಚಿದೆ. ಹೇಳಲಿಕ್ಕೆ ಗೊತ್ತಿಲ್ಲದೆ ಅಲ್ಲ. ಹೇಳಿದರೆ ನಾನೇ ಸಿಕ್ಕಿಬೀಳುತ್ತೇನೆ ಎಂದು ಆ ಕ್ಷಣದಲ್ಲಿ ಹೊಳೆಯಿತು.

ಯಾಕೆಂದರೆ ಸೀರಮಿನಲ್ಲಿ ಇರುವುದು ಸಿಲಿಕೋನ್, ಅದರ ಪಾಠವನ್ನು ನಾನೇ ವರ್ಷಗಟ್ಟಲೆ ಮಾಡಿದ್ದೇನೆ. ಈಗ ಪಠ್ಯ ಕಡಿಮೆ ಮಾಡುವ ನೆಪದಲ್ಲಿ ತೆಗೆದುಹಾಕಿದ್ದಾರೆ, ಮೊದಲು ಪ್ಲಸ್ ವನ್ ಪುಸ್ತಕದಲ್ಲಿ ಇತ್ತು. ಸಿಲಿಕಾನ್, ಆಕ್ಸಿಜನ್, ಸಿಲಿಕಾನ್, ಆಕ್ಸಿಜನ್ ಎಂದು ಉದ್ದಕ್ಕೆ ಸಾಗುವ ಸರಪಳಿ, ಪ್ರತಿ ಸಿಲಿಕಾನಿಗೂ ಎರಡು ಮೀಥೈಲ್ ಗುಂಪು. ಆ ಮೀಥೈಲುಗಳು ಹೊರಗೆ ಮುಖ ಮಾಡಿ ನಿಲ್ಲುವುದರಿಂದ ನೀರಿಗೆ ಅಲ್ಲಿ ಜಾಗವಿಲ್ಲ. ಉಪಯೋಗಗಳು ಏನು ಎಂಬ ಎರಡು ಮಾರ್ಕಿನ ಪ್ರಶ್ನೆಗೆ ಮಕ್ಕಳಿಂದ ಬಾಯಿಪಾಠ ಮಾಡಿಸಿದ ಉತ್ತರ: ಗ್ರೀಸು, ವಿದ್ಯುತ್ ನಿರೋಧಕ, ಬಟ್ಟೆಗೆ ನೀರು ತಾಗದಂತೆ ಮಾಡಲು. ಬಟ್ಟೆಗೆ ನೀರು ತಾಗದಂತೆ ಮಾಡುವ ವಸ್ತುವನ್ನು ‘ಮಾಯಿಶ್ಚರ್’ ಎಂದು ಬರೆದ ಬಾಟಲಿಯಿಂದ ಒಂದು ವರ್ಷ ತಲೆಗೆ ಹಚ್ಚಿಕೊಂಡವಳು ಇದೇ ಟೀಚರು.

ಕತೆ ಶುರುವಾದದ್ದು ಕಳೆದ ವರ್ಷ ಚಿಕ್ಕಮ್ಮನ ಮಗಳ ಮದುವೆಗೆ. ಪೇಟೆಯ ಒಂದು ಪಾರ್ಲರಿನಲ್ಲಿ ಕೂದಲು ನೇರ ಮಾಡಿಸಿಕೊಂಡೆ. ಬೇಡ ಎಂದು ಹೇಳಲು ಅಲ್ಲಿ ಯಾರೂ ಇರಲಿಲ್ಲ, ನನ್ನನ್ನೂ ಸೇರಿಸಿ. ಎರಡು ತಿಂಗಳಿಗೆ ತುದಿಗಳು ತೆಂಗಿನ ನಾರಿನ ಹಾಗಾದವು. ಮತ್ತೆ ಅಲ್ಲಿಗೇ ಹೋದಾಗ “ಚೇಚೀ, ಮುಡಿ ಭಯಂಕರ ಡ್ರೈ ಆಣಲ್ಲೋ” ಎಂದು ನನಗೇ ಬೈದ ಹುಡುಗಿ, ಸಲ್ಫೇಟ್ (ಜೋರಾಗಿ ತೊಳೆಯುವ ನೊರೆಯ ವಸ್ತು) ಇಲ್ಲದ ಶಾಂಪೂ, ಕಂಡಿಷನರ್, ಸೀರಮ್ ಮೂರನ್ನೂ ಕೊಟ್ಟಳು. ಎಣ್ಣೆ ಪೂರ್ತಿ ನಿಲ್ಲಿಸಲು ಹೇಳಿದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಇಪ್ಪತ್ತೆರಡು ವರ್ಷದ ಹುಡುಗಿ, ಕಂಪನಿಯವರು ಟ್ರೈನಿಂಗಿನಲ್ಲಿ ಹೇಳಿದ್ದನ್ನು ಹೇಳಿದಳು. ಸಿಟ್ಟು ಬರಬೇಕಾದದ್ದು ಬಾಟಲಿಯ ಹಿಂದೆ ಇರುವುದನ್ನು ಓದಲು ಬಲ್ಲ, ಓದದ ನನ್ನ ಮೇಲೆ.

ಹಬ್ಬ ಮುಗಿಸಿ ಬಂದ ರಾತ್ರಿಯೇ ಕನ್ನಡಕ ಹಾಕಿ ಓದಿದೆ. ಪಟ್ಟಿಯಲ್ಲಿ ಹೆಚ್ಚು ಇರುವ ವಸ್ತು ಮೊದಲು ಬರುತ್ತದೆ. ಸೀರಮಿನಲ್ಲಿ ಮೊದಲನೆಯದು ಸೈಕ್ಲೋಪೆಂಟಾಸಿಲಾಕ್ಸೇನ್, ಎರಡನೆಯದು ಡೈಮೆಥಿಕೊನಾಲ್. ಎರಡೂ ಸಿಲಿಕೋನೇ. ಮೊದಲಿನದು ಹಚ್ಚಿದ ಮೇಲೆ ಗಾಳಿಗೆ ಹಾರಿಹೋಗುತ್ತದೆ, ಅದಕ್ಕೇ ಸೀರಮ್ ಕೈಗೆ ಜಿಡ್ಡೆನಿಸುವುದಿಲ್ಲ. ಎರಡನೆಯದು ಕೂದಲಿನ ಮೇಲೆ ತೆಳ್ಳಗೆ ಉಳಿಯುತ್ತದೆ. ಕಂಡಿಷನರಿನಲ್ಲಿ ಇದ್ದದ್ದು ಅಮೋಡೈಮೆಥಿಕೋನ್. ಅದು ಜಾಣ ವಸ್ತು. ಅದರ ಅಮೀನ್ ಗುಂಪಿಗೆ ಧನ ವಿದ್ಯುದಂಶ ಇರುತ್ತದೆ, ಹಾಳಾದ ಕೂದಲಿಗೆ ಋಣ ವಿದ್ಯುದಂಶ ಜಾಸ್ತಿ. ಹಾಗಾಗಿ ಎಲ್ಲಿ ಗಾಯವೋ ಅಲ್ಲೇ ಹೋಗಿ ಅಂಟಿಕೊಳ್ಳುತ್ತದೆ. ಪೆಗ್ (PEG) ಎಂದು ಹೆಸರಿನ ಮುಂದೆ ಇರುವ ಡೈಮೆಥಿಕೋನುಗಳಾದರೆ ಸಾಮಾನ್ಯವಾಗಿ ನೀರಿನಲ್ಲಿ ಹೋಗಿಬಿಡುತ್ತವೆ. ನನ್ನ ಮೂರು ಬಾಟಲಿಯಲ್ಲಿ ಒಂದರಲ್ಲೂ ಅದು ಇರಲಿಲ್ಲ. ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಲೆಕ್ಕ ಸರಿಯಾಗಿಯೇ ಇದೆ: ಬಿಡದ ಪದರ ಹಚ್ಚುವ ಎರಡು, ಅದನ್ನು ಪೂರ್ತಿ ತೆಗೆಯಲಾರದ ಸೌಮ್ಯ ಶಾಂಪೂ ಒಂದು. ಪದರದ ಮೇಲೆ ಪದರ.

ನಾನು ಇಷ್ಟು ದಿನ ಬೈಯುತ್ತಿದ್ದದ್ದು ಬಾಡಿಗೆ ಮನೆಯ ಬೋರ್‌ವೆಲ್ ನೀರನ್ನು. ದೊಡ್ಡಮ್ಮನ ಮನೆಯಲ್ಲಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು, ಮುರಕಲ್ಲಿನೊಳಗಿಂದ ತಣ್ಣಗೆ ಬರುವಂಥದ್ದು, ಸೋಪು ಹಾಕಿದರೆ ನೊರೆ ತುಂಬುತ್ತದೆ. ಅಲ್ಲಿಯೂ ನನ್ನ ಕೂದಲು ಹಾಗೇ ಇತ್ತು. ದಾಸವಾಳದ ಸೊಪ್ಪಿನ ಗೊಂಪು, ಅಂದರೆ ಲೋಳೆ, ಹಾಕಿ ತಿಕ್ಕಿದರೂ ಹಾಗೇ. ನೀರಿನ ತಪ್ಪಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಡ.

ಇಷ್ಟನ್ನು ನಾನು ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಬರೆದದ್ದೇ ತಪ್ಪಾಯಿತು. ಬೆಂಗಳೂರಿನ ತಂಗಿ (ಅವಳಿಗೆ ಗೊತ್ತಿಲ್ಲದ ವಿಷಯವಿಲ್ಲ, ಅರ್ಧ ಗೊತ್ತಿರುವುದು ಮಾತ್ರ ಬಹಳ) ಐದು ನಿಮಿಷದಲ್ಲಿ ಕೆಂಪು ಅಕ್ಷರದ ಫಾರ್ವರ್ಡ್ ಹಾಕಿದಳು. ಸಿಲಿಕೋನ್ ವಿಷವಂತೆ, ಕೂದಲಿನ ಉಸಿರು ಕಟ್ಟಿಸುತ್ತದಂತೆ, ಯುರೋಪಿನಲ್ಲಿ ನಿಷೇಧವಂತೆ. ಕೂದಲು ಉಸಿರಾಡುವುದಿಲ್ಲ ಮಾರಾಯ್ತಿ, ಚರ್ಮದಿಂದ ಹೊರಗೆ ಇರುವುದು ಕೆರಟಿನ್ ಎಂಬ ಸತ್ತ ಪ್ರೋಟೀನ್. ಯುರೋಪಿನದ್ದೂ ಅರ್ಧ ಸತ್ಯ. 2020ರಿಂದ ಅಲ್ಲಿ ತೊಳೆದುಬಿಡುವ ಸೌಂದರ್ಯ ಸಾಮಗ್ರಿಗಳಲ್ಲಿ ಸಿಲಿಕೋನ್ ಜಾತಿಯ ಎರಡು ಸಿಲಾಕ್ಸೇನುಗಳು ಶೇಕಡ 0.1ರಷ್ಟಕ್ಕೆ ಮೇಲೆ ಇರಬಾರದು, ಅದರಲ್ಲಿ ನನ್ನ ಸೀರಮಿನದ್ದೂ ಒಂದು. ಆದರೆ ಕಾರಣ ಕೂದಲಲ್ಲ. ನೀರಿಗೆ ಸೇರಿದರೆ ಅವು ಬೇಗ ಕರಗಿ ನಾಶವಾಗುವುದಿಲ್ಲ, ಜಲಚರಗಳ ಮೈಯಲ್ಲಿ ಸೇರಿಕೊಳ್ಳುತ್ತವೆ. ಬಚ್ಚಲಿನ ನೀರು ಸೀದಾ ತೋಟಕ್ಕೆ ಹೋಗುವ ನಮ್ಮೂರಿನವರು ಇದನ್ನು ಯೋಚಿಸಬೇಕಾದದ್ದು ಹೌದು. ಅವಳಿಗೆ ಬೇಕಿದ್ದದ್ದು ಅದಲ್ಲ, ‘ವಿಷ’ ಎಂಬ ಶಬ್ದ ಮಾತ್ರ.

ಶನಿವಾರ ಅಂಗಡಿಯಿಂದ ಸಲ್ಫೇಟ್ ಇರುವ ಸಾದಾ ಶಾಂಪೂವಿನ ಎರಡು ಸ್ಯಾಶೆ ತಂದು ಎರಡು ಸಲ ತೊಳೆದೆ. ಒಣಗಿದ ಮೇಲೆ ಕನ್ನಡಿ ನೋಡಿದರೆ ಮದುವೆಯ ನಂತರದ ಅದೇ ತೆಂಗಿನ ನಾರು. ಒಂದು ವರ್ಷ ಅದು ಎಲ್ಲಿಗೂ ಹೋಗಿರಲಿಲ್ಲ, ಒಳಗೇ ಇತ್ತು. ಆಗ ಅರ್ಥವಾಯಿತು, ಒಣಗಿಸಿದ್ದು ಸೀರಮ್ ಅಲ್ಲ. ಒಣಗಿಸಿದ್ದು ಬಿಸಿ ಇಸ್ತ್ರಿ ಮತ್ತು ಪಾರ್ಲರಿನ ರಾಸಾಯನಿಕ. ಸೀರಮ್ ಮಾಡಿದ್ದು ಅದನ್ನು ನನ್ನ ಬೆರಳಿಗೆ ಗೊತ್ತಾಗದ ಹಾಗೆ ಮಾಡುವ ಕೆಲಸ. ಬೆರಳಿಗೆ ನುಣುಪು ಸಿಕ್ಕಿದ ಕೂಡಲೇ ನಾನು ಎಣ್ಣೆ ಬಿಟ್ಟೆ, ತುದಿ ಕತ್ತರಿಸುವುದನ್ನು ಬಿಟ್ಟೆ, ಹೇರ್ ಡ್ರೈಯರ್ ಮಾತ್ರ ಬಿಡಲಿಲ್ಲ.

ಇಲ್ಲಿಗೆ ದೊಡ್ಡಮ್ಮ ಗೆದ್ದರು ಎಂದು ಬರೆದು ಮುಗಿಸಬಹುದಿತ್ತು. ಆದರೆ ಕ್ಲಾಸಿನಲ್ಲಿ ನಿಂತಾಗಲೂ ಆ ಮಾತೇ ತಿರುಗುತ್ತಿತ್ತು. ಪಸೆ ಇಲ್ಲೆ. ಪಸೆ ಅಂದರೆ ಎಂತ? ನೀರೇ?

ಕೂದಲಿನ ಹೊರಗೆ ಹಂಚಿನ ಮಾಡಿನ ಹಾಗೆ ಒಂದರ ಮೇಲೊಂದು ಒರಗಿದ ಚಕ್ಕೆಗಳಿವೆ. ಅದರ ಮೇಲೆ ಹುಟ್ಟಿನಿಂದಲೇ ಒಂದು ತೆಳು ಕೊಬ್ಬಿನ ಹೊದಿಕೆ. ಅಂದರೆ ಒಳ್ಳೆಯ ಕೂದಲು ಸ್ವಭಾವದಿಂದಲೇ ನೀರನ್ನು ದೂರ ಇಡುತ್ತದೆ, ಕೆಸುವಿನ ಎಲೆಯ ಜಾತಿ. ಆ ಹೊದಿಕೆ ಸುಟ್ಟೋ ಬ್ಲೀಚಿನಲ್ಲೋ ಹೋದರೆ ಮಾತ್ರ ಅದು ಗಟಗಟ ನೀರು ಕುಡಿದು ಉಬ್ಬುತ್ತದೆ, ಚಕ್ಕೆಗಳು ಏಳುತ್ತವೆ, ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಪೂರ್ತಿ ನೆನೆದ ಕೂದಲು ತನ್ನ ತೂಕದ ಸುಮಾರು ಶೇಕಡ 30ರಷ್ಟು ನೀರನ್ನು ಹಿಡಿದುಕೊಳ್ಳಬಲ್ಲದು. ಕರಾವಳಿಯ ಈ ಶೆಕೆಯಲ್ಲಿ ನೀರಿಗೇನೂ ಬರವಿಲ್ಲ, ಗಾಳಿಯಲ್ಲೇ ಇದೆ. ಹಾಗಿದ್ದರೆ ನನ್ನ ‘ಒಣ’ ಕೂದಲಿನಲ್ಲಿ ನೀರು ಕಡಿಮೆ ಇರಲಿಲ್ಲ, ಇದ್ದದ್ದು ಬಿರುಸು. ನಾವು ‘ಡ್ರೈ’ ಎನ್ನುವುದು ಹೆಚ್ಚಿನ ಸಲ ಬೆರಳಿಗೆ ಸಿಗುವ ಒರಟನ್ನು. ದೊಡ್ಡಮ್ಮನ ಎಣ್ಣೆಯೂ ನೀರು ಕೊಡುವುದಿಲ್ಲ, ಅದು ಕೂಡ ನೀರನ್ನು ತಡೆಯುವಂಥದ್ದೇ. ವ್ಯತ್ಯಾಸ ಎಂತ ಅಂದರೆ ತೆಂಗಿನೆಣ್ಣೆಯ ಲಾರಿಕ್ ಆಮ್ಲ ಚಿಕ್ಕದು, ನೇರ ಸರಪಳಿ, ಕೂದಲಿನ ಒಳಗೆ ಇಳಿಯುತ್ತದೆ. ತೊಳೆಯುವಾಗ ಪ್ರೋಟೀನ್ ಹೋಗುವುದನ್ನು ಅದು ಕಡಿಮೆ ಮಾಡುತ್ತದೆ, ಸೂರ್ಯಕಾಂತಿ ಎಣ್ಣೆ ಮತ್ತು ಖನಿಜ ತೈಲ ಮಾಡುವುದಿಲ್ಲ ಎಂದು 2003ರಲ್ಲಿ ಮುಂಬೈಯ ಇಬ್ಬರು ಸಂಶೋಧಕರು ತೋರಿಸಿದರು. ಅವರು ತೆಂಗಿನೆಣ್ಣೆ ಮಾರುವ ಕಂಪನಿಯಲ್ಲೇ ಕೆಲಸದಲ್ಲಿದ್ದವರು, ಅದನ್ನೂ ಹೇಳಿಬಿಡಬೇಕು.

ಗೊಂಪಿನದ್ದೂ ಅದೇ ಕತೆ. ಸೊಪ್ಪು ಕಿವುಚಿದ ಲೋಳೆ ಕೂದಲ ಮೇಲೆ ಜಾರಿಸಿ ಸಿಕ್ಕು ಬಿಡಿಸುತ್ತದೆ, ಮತ್ತೆ ನೀರಲ್ಲಿ ಹೋಗುತ್ತದೆ. ಅಂದರೆ ಅಜ್ಜಿಯಂದಿರಿಗೂ ಬೇಕಿದ್ದದ್ದು ನೊಂಪೇ. ಅವರದ್ದು ಮರುದಿನಕ್ಕೆ ಉಳಿಯುತ್ತಿರಲಿಲ್ಲ, ಹಾಗಾಗಿ ಕೂದಲಿನ ನಿಜ ಸ್ಥಿತಿ ಪ್ರತಿ ಸಲ ಕೈಗೆ ಸಿಗುತ್ತಿತ್ತು.

ದೊಡ್ಡಮ್ಮನನ್ನು ಋಷಿ ಮಾಡಲು ನನಗೆ ಮನಸ್ಸಿಲ್ಲ. ಎಪ್ಪತ್ತೆಂಟರ ಅವರ ತುರುಬು ಈಗ ಒಂದು ಗೋಟಡಕೆಯಷ್ಟು. ಜೀವಮಾನವಿಡೀ ಬಿಗಿಯಾಗಿ ಎಳೆದು ಕಟ್ಟಿ ಹಣೆಯ ಮೇಲಿನದ್ದೆಲ್ಲ ಹೋಗಿದೆ. ಯಾರ ತಲೆ ಕಂಡರೂ ಒಂದು ಕೊರತೆ ಹೇಳದೆ ಬಿಡುವವರಲ್ಲ. ಆದರೂ ಆ ಎರಡು ಬೆರಳು ಹಿಡಿದದ್ದನ್ನು ನನ್ನ ಎಂ.ಎಸ್ಸಿ. ಹಿಡಿಯಲಿಲ್ಲವಲ್ಲ ಎಂಬುದು ನುಂಗಲಾರದ ತುತ್ತು.

ಇನ್ನೊಂದು, ಎಣ್ಣೆ ಬಿಡಲು ಪಾರ್ಲರಿನ ಹುಡುಗಿ ಹೇಳಬೇಕಿರಲಿಲ್ಲ. ಮಂಗಳೂರಿನ ಹಾಸ್ಟೆಲಿನಲ್ಲಿ, ನನಗೆ ಹದಿನೆಂಟು, ತಲೆಯಿಂದ ಎಣ್ಣೆ ವಾಸನೆ ಬರುತ್ತದೆಂದು ರೂಮಿನವರು ಕಿಟಕಿ ತೆರೆದಿಟ್ಟ ದಿನವೇ ನಾನು ಒಳಗೊಳಗೆ ಬಿಟ್ಟಾಗಿತ್ತು. ಮಾತನ್ನೂ ಹಾಗೇ ಬಿಟ್ಟೆ. ಅಲ್ಲಿ ‘ಇದ್ದು’, ‘ಇಲ್ಲೆ’ ಅಂದರೆ ನಗುತ್ತಿದ್ದರು. ಒಂದೇ ತಿಂಗಳಲ್ಲಿ ಎಲ್ಲಿಯೂ ಸಿಕ್ಕಿಕೊಳ್ಳದ ನುಣುಪು ಕನ್ನಡ ಬಂತು. ಇಲ್ಲಿ ಕಾಸರಗೋಡಿನಲ್ಲಿ ಆಫೀಸಿಗೆ ಹೋದರೆ ಮಲಯಾಳ, ಪಕ್ಕದ ಮನೆಗೆ ತುಳು, ಕ್ಲಾಸಿಗೆ ಪುಸ್ತಕದ ಇಂಗ್ಲಿಷ್. ಮಣೆಯ ಮೇಲೆ ಕೂತು “ಹಾಂಗೆ ಹೇಳಿರೆ ಎಂತರ?” ಎಂದು ಕೇಳಿದಾಗ ಉತ್ತರಿಸಲು ನನಗೆ ಹವ್ಯಕದಲ್ಲಿ ಶಬ್ದವೂ ಬರಲಿಲ್ಲ. ಸಿಲಿಕೋನ್ ಅಂದರೆ ಎಂತರ ಎಂದು ಸ್ವಂತ ಮಾತಿನಲ್ಲಿ ದೊಡ್ಡಮ್ಮನಿಗೆ ಹೇಳುವುದು ಹೇಗೆಂದು ವಾರವಿಡೀ ಯೋಚಿಸಿದೆ.

ಭಾನುವಾರ ನಾಲ್ಕು ಇಂಚು ಕತ್ತರಿಸಿದೆ, ನಾನೇ. ಸಂಜೆ ಫೋನು ಮಾಡಿ ಹೇಳಿದೆ: “ದೊಡ್ಡಮ್ಮ, ಅದು ಕೊರಂಬಿನ ಹಾಂಗೆ. ತಲೆಕಸವಿಂಗೆ ಹಾಕುವ ಕೊರಂಬು.” ತಲೆಕಸವು ಅಂದರೆ ತಲೆಕೂದಲು, ಕೊರಂಬು ಅಂದರೆ ಮಳೆಗೆ ಗದ್ದೆಯಲ್ಲಿ ಬೆನ್ನಿಗೆ ಹಾಕಿಕೊಳ್ಳುತ್ತಿದ್ದ ಗೊರಬು. ಆ ಕಡೆ ಸ್ವಲ್ಪ ಹೊತ್ತು ಶಬ್ದವಿಲ್ಲ. “ಕೊರಂಬು ಹಾಕಿಂಡೇ ವರಗುತ್ತೆಯಾ ನೀನು?” ಎಂದರು, ಹಾಕಿಕೊಂಡೇ ಮಲಗುತ್ತೀಯಾ ಎಂದು.

ಸೀರಮ್ ಬಾಟಲಿ ಇನ್ನೂ ಅರ್ಧ ಇದೆ. ಎಸೆದಿಲ್ಲ. ಇವತ್ತು ಸ್ಟಾಫ್ ಮೀಟಿಂಗ್ ಇತ್ತು, ತುದಿಗೆ ಒಂದು ಹನಿ ಹಾಕಿದೆ.