ಹಾಲಿನ ಲೆಕ್ಕ, ಆರನೇ ವಾರ: ಹಸಿರಾಗಿ ಕುಳಿತಿದ್ದ ಖಾಲಿ ಹಂತ

ಕಳೆದ ಭಾನುವಾರ ದೊಡ್ಡಪ್ಪ ನನ್ನ ಪ್ರೋಗ್ರಾಂ ಮುದ್ರಿಸಿದ ಬಟವಾಡೆ ಪಟ್ಟಿಯನ್ನು ಎದುರಿಗಿಟ್ಟುಕೊಂಡು, ಪಕ್ಕದಲ್ಲಿ ತಮ್ಮ ಹಳೆಯ ಲೆಕ್ಕದ ಪುಸ್ತಕ ಬಿಡಿಸಿ, ಐದೇ ನಿಮಿಷದಲ್ಲಿ ಕೇಳಿದರು: "ಎಲ್ಲ ಸರಿ, ಹಿಂಡಿಯ ದುಡ್ಡು ಎಲ್ಲಿ ಮುರಿದುಕೊಂಡಿದ್ದೀಯ?" ಎಲ್ಲಿಯೂ ಇಲ್ಲ. ಹಿಂದಿನ ರಾತ್ರಿಯಷ್ಟೇ ಹದಿನೆಂಟಕ್ಕೆ ಹದಿನೆಂಟೂ ಪರೀಕ್ಷೆ ಹಸಿರು, ಅಂದರೆ ಪಾಸ್, ಎಂದು ಬೀಗುತ್ತಾ ಮಲಗಿದ್ದೆ.

ಈ ಟಿಪ್ಪಣಿಗಳನ್ನು ಮೊದಲ ಬಾರಿ ಓದುವವರಿಗೆ ಎರಡು ಮಾತು. ದೊಡ್ಡಪ್ಪ ಬಹಳ ವರ್ಷ ಊರಿನ ಹಾಲು ಸಂಘದ ಕಾರ್ಯದರ್ಶಿಯಾಗಿದ್ದವರು. ಅವರ ಹಳೆಯ ಪುಸ್ತಕಗಳ ಲೆಕ್ಕವನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಮತ್ತೆ ಕಟ್ಟುವುದು ನನ್ನ ಬಿಡುವಿನ ಕೆಲಸ. ಪರೀಕ್ಷೆಗೆ ಕ್ಯುಕಂಬರ್ ಎಂಬ ತಂತ್ರಾಂಶ ಬಳಸುತ್ತಿದ್ದೇನೆ: ಪ್ರೋಗ್ರಾಂ ಏನು ಮಾಡಬೇಕೆಂದು ಆಡುಮಾತಿನಲ್ಲಿ ಬರೆದ 'ಸನ್ನಿವೇಶ'ದ ಒಂದೊಂದು ಸಾಲಿಗೂ, ಅಂದರೆ 'ಹಂತ'ಕ್ಕೂ, ಒಂದು ಫಂಕ್ಷನ್ (ಕೋಡಿನ ತುಂಡು) ಬರೆದುಕೊಟ್ಟರೆ ಅದು ಓಡಿಸಿ ನೋಡುತ್ತದೆ. ಅದು ಓದುವ ಗರ್ಕಿನ್ ಭಾಷೆ ಕನ್ನಡವನ್ನೂ ಬಲ್ಲದು. ಕಡತದ ಮೊದಲ ಸಾಲಿನಲ್ಲಿ ಭಾಷೆಯ ಸಂಕೇತ ಕೊಟ್ಟರೆ ಸಾಕು, 'ನೀಡಿದ', 'ಸ್ಥಿತಿಯನ್ನು', 'ನಂತರ' ಎಂಬ ಪದಗಳಿಂದ ಹಂತಗಳನ್ನು ಶುರು ಮಾಡಬಹುದು. 'ಗಿವನ್', 'ವೆನ್', 'ದೆನ್'ಗಳ ಈ ಅನುವಾದ ಯಾರ ಕಿವಿಗೂ ಇಂಪಲ್ಲ ಎಂಬುದು ಬೇರೆ ಮಾತು. ಇಡೀ ಕಡತದ ತಲೆಬರಹಕ್ಕೆ ಅದು ಕೇಳುವ ಪದ 'ಹೆಚ್ಚಳ'. ಅದನ್ನು ಕಂಡ ದೊಡ್ಡಪ್ಪ, "ಯಾವುದರ ಹೆಚ್ಚಳ? ಹಾಲಿನ ದರದ್ದೇ?" ಎಂದು ಆಸೆಯಿಂದ ಕೇಳಿದ್ದರು.

ಹಿಂಡಿಗೆ ಬರುತ್ತೇನೆ. 'ನಂತರ ಪಶು ಆಹಾರದ ಬಾಕಿಯನ್ನು ಮುರಿದುಕೊಂಡಿರಬೇಕು' ಎಂಬ ಹಂತ ಕಡತದಲ್ಲಿ ಇತ್ತು. ಮೊದಲ ಸಲ ಓಡಿಸಿದಾಗ ಕ್ಯುಕಂಬರ್ ಅದನ್ನು 'ಅನ್‌ಡಿಫೈನ್ಡ್' (ಫಂಕ್ಷನ್ ಇನ್ನೂ ಇಲ್ಲ) ಎಂದು ಹಳದಿಯಲ್ಲಿ ತೋರಿಸಿ, ಬರೆಯಬೇಕಾದ ಫಂಕ್ಷನ್ನಿನ ಅಚ್ಚನ್ನು ತಾನೇ ಕೊಟ್ಟಿತ್ತು. ಆ ಅಚ್ಚಿನೊಳಗೆ 'ಪೆಂಡಿಂಗ್' (ಬರೆಯುವುದು ಬಾಕಿ) ಎಂದು ಹಿಂತಿರುಗಿಸುವ ಒಂದು ಸಾಲು ಇರುತ್ತದೆ. ಅದು ಇರುವವರೆಗೆ ಆ ಸನ್ನಿವೇಶ ತೇರ್ಗಡೆಯಾಗುವುದಿಲ್ಲ. ಅದರ ಮುಂದಿನ ಹಂತಗಳು ಓಡದೆ ಉಳಿಯುತ್ತವೆ, ಇಡೀ ಓಟವೂ ಸೋತಿತು ಎಂದೇ ಲೆಕ್ಕ. ನಾನು ಮಾಡಿದ್ದೇನು? ಹಳದಿ ಬಣ್ಣ ಕಣ್ಣಿಗೆ ಚುಚ್ಚಿತೆಂದು ಆ ಸಾಲನ್ನು ಅಳಿಸಿ, 'ಆಮೇಲೆ ಬರೆಯಬೇಕು' ಎಂದು ಕೋಡಿನೊಳಗೆ ಟಿಪ್ಪಣಿ (ಓಡದ, ಓದಲಷ್ಟೇ ಇರುವ ಸಾಲು) ಹಾಕಿ ಮುಚ್ಚಿಬಿಟ್ಟೆ. ಒಳಗೆ ಏನೂ ಇಲ್ಲದ ಫಂಕ್ಷನ್ ಏನನ್ನೂ ಕೆಡಿಸುವುದಿಲ್ಲ. ದೋಷ ಎಸೆಯದ ಹಂತ ಕ್ಯುಕಂಬರ್ ಕಣ್ಣಿಗೆ ಪಾಸಾದ ಹಂತ. ಖಾಲಿ ಉತ್ತರ ಪತ್ರಿಕೆಗೆ ನೂರಕ್ಕೆ ನೂರು.

ಇನ್ನು ಮುಂದೆ ಹೀಗಾಗಬಾರದೆಂದು ಕೋಡಿನ ತಪ್ಪು ಹುಡುಕುವ ಸಾಧನವಾದ ಇಎಸ್‌ಲಿಂಟ್‌ನಲ್ಲಿ ಖಾಲಿ ಫಂಕ್ಷನ್ ಹಿಡಿಯುವ ನಿಯಮ ಹಾಕಿದೆ. ಅದು ಹಿಡಿಯಲಿಲ್ಲ. ಒಳಗೆ ಟಿಪ್ಪಣಿಯೊಂದು ಇದ್ದರೆ ಅದರ ಪ್ರಕಾರ ಫಂಕ್ಷನ್ ಖಾಲಿಯಲ್ಲ! ನನ್ನ 'ಆಮೇಲೆ'ಯೇ ನನ್ನ ಕಳ್ಳತನಕ್ಕೆ ಕಾವಲು ನಿಂತಿತ್ತು. ಹಾಗಾಗಿ ಈಗ ಕೈಕೆಲಸ: ಪ್ರತಿ 'ನಂತರ' ಹಂತ ಬರೆದ ಕೂಡಲೇ ನಿರೀಕ್ಷಿತ ಮೊತ್ತವನ್ನು ಬೇಕೆಂದೇ ಒಂದು ರೂಪಾಯಿ ತಪ್ಪಿಸಿ ಓಡಿಸುತ್ತೇನೆ. ಕೆಂಪಾಗದಿದ್ದರೆ ಆ ಹಂತ ಏನನ್ನೂ ನೋಡುತ್ತಿಲ್ಲ ಎಂದರ್ಥ. ಹದಿನೆಂಟನ್ನೂ ಹೀಗೆ ಜಾಲಿಸಿದಾಗ ಇನ್ನೂ ಎರಡು ಟೊಳ್ಳು ಹಂತಗಳು ಸಿಕ್ಕವು.

ಬುಧವಾರ ಇದಕ್ಕೆ ತಿರುಗುಮುರುಗಾದ ಕಾಟ. 'ನೀಡಿದ ಹಾಲಿನ ಎಸ್‌ಎನ್‌ಎಫ್ 8.5' ಎಂಬ ಹಂತವನ್ನು (ಎಸ್‌ಎನ್‌ಎಫ್ ಅಂದರೆ ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶದ ಶೇಕಡಾ ಪ್ರಮಾಣ) ಪೂರ್ತಿ ಬರೆದು ಮುಗಿಸಿದ್ದರೂ 'ಅನ್‌ಡಿಫೈನ್ಡ್' ಎಂದೇ ಬರುತ್ತಿತ್ತು. ಸನ್ನಿವೇಶದ ಕಡತ, ಫಂಕ್ಷನ್ನಿನ ಕಡತ ಎರಡನ್ನೂ ಅಕ್ಕಪಕ್ಕ ಇಟ್ಟು ಒಂದು ಗಂಟೆ ದಿಟ್ಟಿಸಿದೆ. ಅಕ್ಷರ ಅಕ್ಷರವೂ ಒಂದೇ. ಕೊನೆಗೆ ಅಕ್ಷರಗಳ ಯೂನಿಕೋಡ್ ಸಂಖ್ಯೆಗಳನ್ನು ಮುದ್ರಿಸಿ ನೋಡಿದರೆ, ಒಂದು ಕಡೆ 'ಎಸ್' ಆದ ಮೇಲೆ ಅಕ್ಷರಗಳು ಒತ್ತಾಗಿ ಕೂಡದಂತೆ ಬಿಡಿಸುವ, ಕಣ್ಣಿಗೆ ಕಾಣದ ಚಿಹ್ನೆ ಇದೆ, ಇನ್ನೊಂದು ಕಡೆ ಇಲ್ಲ. ಒಂದನ್ನು ಮೊಬೈಲ್‌ನಲ್ಲಿ ಟೈಪಿಸಿದ್ದೆ, ಇನ್ನೊಂದನ್ನು ಲ್ಯಾಪ್‌ಟಾಪ್‌ನಲ್ಲಿ. ಮುಂದೆ ಬರುವುದು 'ಎ' ಎಂಬ ಸ್ವರವಾದ್ದರಿಂದ ಒತ್ತಕ್ಷರ ಆಗುವ ಮಾತೇ ಇಲ್ಲ. ಚಿಹ್ನೆ ಇದ್ದರೂ ಇಲ್ಲದಿದ್ದರೂ ತೆರೆಯ ಮೇಲೆ ರೂಪ ಒಂದೇ. ಒಂದೇ ಅಕ್ಷರದ ಬೇರೆ ಬೇರೆ ಸಂಕೇತರೂಪಗಳನ್ನು ಒಂದಾಗಿಸುವ ಯೂನಿಕೋಡ್ ಸಾಮಾನ್ಯೀಕರಣ ಮಾಡಿದರೂ ಈ ಚಿಹ್ನೆ ಹೋಗುವುದಿಲ್ಲ. ಓಡಿಸುವ ಮುಂಚೆ ಎರಡೂ ಕಡೆಯಿಂದ ಅದನ್ನು ತೆಗೆದುಹಾಕುವ ಪುಟ್ಟ ಸ್ಕ್ರಿಪ್ಟ್ ಬರೆದೆ. ಕನ್ನಡ ಅಂಕಿಯ ಆಸೆಯನ್ನೂ ಅಂದೇ ಬಿಟ್ಟೆ: ಸಂಖ್ಯೆ ಹಿಡಿಯುವ ಕ್ಯುಕಂಬರ್ ಗುರುತಿಗೆ 8.5 ಗೊತ್ತು, ೮.೫ ಗೊತ್ತಿಲ್ಲ.

ಪೆಂಡಿಂಗ್ ಈಗ ನನಗೆ ಬೇಸರದ ಬಣ್ಣವಲ್ಲ, ದೊಡ್ಡಪ್ಪನಿಗೆ ಕೇಳಬೇಕಾದ ಪ್ರಶ್ನೆಗಳ ಪಟ್ಟಿ. ಬೆಚ್ಚಗಿನ ಹಾಲಿನಲ್ಲಿ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರ್ ಹೆಚ್ಚು ಮುಳುಗಿ ಅಳತೆ ಕಡಿಮೆ ತೋರಿಸುತ್ತದೆ, ಅದನ್ನು ತಿದ್ದಿಕೊಳ್ಳಬೇಕು. ಸಂಘದಲ್ಲಿ ಎಷ್ಟು ಸೇರಿಸುತ್ತಿದ್ದರು? ಹಿಂಡಿಯ ಬಾಕಿಯು ಹಾಲಿನ ಹಣಕ್ಕಿಂತ ಹೆಚ್ಚಾದರೆ ಮುಂದಿನ ಬಟವಾಡೆಗೆ ದಾಟಿಸುತ್ತಿದ್ದರೋ, ಕಂತು ಮಾಡುತ್ತಿದ್ದರೋ? ನಾನು ಊಹಿಸಿ ಬರೆದರೆ ಹಸಿರಾಗುತ್ತದೆ, ಆದರೆ ಅದು ನನ್ನ ಊಹೆಯ ಹಸಿರು. ಆದ್ದರಿಂದ ಪೆಂಡಿಂಗ್ ಸಾಲಿನ ಮೇಲೆ ಪ್ರಶ್ನೆಯನ್ನೇ ಕನ್ನಡದಲ್ಲಿ ಬರೆದಿಡುತ್ತಿದ್ದೇನೆ. ಪೆಂಡಿಂಗ್ ಇದ್ದರೂ ಓಟ ಗೆದ್ದಂತೆ ತೋರಿಸುವ ಆಯ್ಕೆ ಕ್ಯುಕಂಬರ್‌ನಲ್ಲಿದೆ, ಅದನ್ನು ಮುಟ್ಟಿಲ್ಲ.

ಇಂದಿನ ಸ್ಥಿತಿ: ಒಟ್ಟು 21 ಸನ್ನಿವೇಶ, 16 ಪಾಸ್, 4 ಪೆಂಡಿಂಗ್, 1 ಅನ್‌ಡಿಫೈನ್ಡ್. ಹಿಂಡಿಯ ಹಂತ ನಿಜವಾಗಿಯೂ ಕೆಂಪಾಗಿ, ಆಮೇಲೆ ಹಸಿರಾಗಿದೆ. ಉಳಿದ ನಾಲ್ಕು ಪ್ರಶ್ನೆಗಳನ್ನು ಕಾಗದದ ಮೇಲೆ ಇಳಿಸಿಕೊಂಡಿದ್ದೇನೆ. ಶನಿವಾರ ಊರಿನ ಬಸ್ ಹತ್ತಬೇಕು.